ಕೊಟ್ಟ ಅನುಮತಿಯನ್ನು ವಾಪಸ್ ಪಡೆಯುವುದು ಯಾಕೆ ಇಷ್ಟು ಕಷ್ಟ?

ಜೆ.ಪಿ. ನಗರದ ಬಾಡಿಗೆ ಮನೆ ಬಿಟ್ಟು ನಾವು ರಾಜರಾಜೇಶ್ವರಿ ನಗರಕ್ಕೆ ಬಂದು ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಆಫೀಸಿನ ಮೀಟಿಂಗ್ ನಡೆಯುತ್ತಿದ್ದಾಗ ಅಪಾರ್ಟ್‌ಮೆಂಟಿಗೆ ಬರುವವರನ್ನು ಒಳಗೆ ಬಿಡಲು ಬಳಸುವ ಆ್ಯಪ್‌ನಿಂದ ಫೋನಿಗೆ ನೋಟಿಫಿಕೇಶನ್ ಬಂತು. ಗೇಟಿನಲ್ಲಿ ಡೆಲಿವರಿಯವರು ಬಂದಿದ್ದಾರೆ, ಒಳಗೆ ಬಿಡಬಹುದಾ ಎಂಬ ಪ್ರಶ್ನೆ. ಮನೆಯಲ್ಲಿ ಏನೋ ತರಿಸಿರಬೇಕು ಅಂದುಕೊಂಡು 'ಹೌದು' ಒತ್ತಿದೆ. ಸಂಜೆ ಮತ್ತೆ ನೋಡಿದಾಗ ಗೊತ್ತಾಯಿತು, ಅದು ಹಳೆ ಅಪಾರ್ಟ್‌ಮೆಂಟಿನ ಗೇಟು. ನಾವು ಬಿಟ್ಟುಬಂದ ಮನೆಯಲ್ಲಿ ಈಗ ಇರುವ ಕುಟುಂಬದ ಮುಖವನ್ನೂ ನಾನು ನೋಡಿಲ್ಲ. ಅವರ ಬಾಗಿಲಿಗೆ, ಯಾರೆಂದೇ ಗೊತ್ತಿಲ್ಲದ ಒಬ್ಬರನ್ನು ನಾನು ಕಳುಹಿಸಿಬಿಟ್ಟಿದ್ದೆ.

ಎದೆ ಧಸಕ್ಕೆಂದಿತು. ಅಲ್ಲಿನ ಸೆಕ್ಯುರಿಟಿಯವರಿಗೆ ಫೋನ್ ಮಾಡಿದೆ. "ಸಾರ್, ಆ ಮನೇಲಿ ಈಗ ಬೇರೆಯವ್ರು ಇದ್ದಾರೆ ಅಂತ ನಮಗೆ ಗೊತ್ತು. ಆದ್ರೆ ಫೋನಲ್ಲಿ ಅಪ್ರೂವ್ಡ್ ಅಂತ ಬಂತು, ಬಿಟ್ವಿ" ಎಂದರು. ಪುಣ್ಯಕ್ಕೆ ಬಂದವರು ನಿಜವಾಗಿ ಪಾರ್ಸೆಲ್ ತಂದವರೇ ಆಗಿದ್ದರು. ಸರಿಯಾಗಿ ಓದದೆ ಒತ್ತಿದ್ದು ನನ್ನ ತಪ್ಪು. ಆದರೆ ಆ ಪ್ರಶ್ನೆ ನನ್ನ ಫೋನಿಗೆ ಬರಲೇಬಾರದಿತ್ತು.

ಯೋಚಿಸಿ ನೋಡಿ. ನಾವು ಮನೆ ಬಿಟ್ಟದ್ದು ಮಾಲೀಕರಿಗೆ ಗೊತ್ತಿತ್ತು. ಅಸೋಸಿಯೇಷನ್ ಕಾರ್ಯದರ್ಶಿಗೆ ಗೊತ್ತಿತ್ತು, ಸಾಮಾನು ಸಾಗಿಸುವ ದಿನ ಅವರೇ ಫಾರಂಗೆ ಸಹಿ ಹಾಕಿದ್ದರು. ಗೇಟಿನಲ್ಲಿ ನಿಂತವರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಒಂದು ಸರ್ವರಿಗೆ ಮಾತ್ರ. ಕೊನೆಯ ಮಾತು ಅದರದ್ದೇ ಆಯಿತು.

ನಾನು ಹೊಟ್ಟೆಪಾಡಿಗೆ ಮಾಡುವುದು ಇದೇ ಕೆಲಸ. ಒಬ್ಬ ಬಳಕೆದಾರರಿಗೆ ಏನು ಮಾಡಲು ಅನುಮತಿ ಇದೆ ಎಂದು ಹೇಳುವ ಎಪಿಐಗಳನ್ನು, ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದನ್ನು ಕೇಳಿ ಉತ್ತರ ಪಡೆಯುವ ದಾರಿಗಳನ್ನು, ಬರೆಯುತ್ತೇನೆ. ನಮ್ಮ ಬೆಂಗಳೂರಿನಲ್ಲಿ ಇಂಥ ಕೋಡ್ ಬರೆಯುವವರು ಸಾವಿರಾರು ಜನ ಇದ್ದಾರೆ. ಅನುಮತಿ ಕೊಡುವುದನ್ನು ನಾವೆಲ್ಲ ಚೆನ್ನಾಗಿ ಕಲಿತಿದ್ದೇವೆ. ವಾಪಸ್ ಪಡೆಯುವುದನ್ನು ಇನ್ನೂ ಸರಿಯಾಗಿ ಕಲಿತಿಲ್ಲ. ಯಾಕೆ ಹೀಗೆ ಅನ್ನುವುದನ್ನು ಬಿಡಿಸಿ ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಎರಡು ಬೇರೆ ಪ್ರಶ್ನೆಗಳು

"ನೀವು ಯಾರು?" ಎಂಬುದು ಒಂದು ಪ್ರಶ್ನೆ. "ಈ ಕೆಲಸ ಮಾಡಲು ನಿಮಗೆ ಅಧಿಕಾರ ಇದೆಯಾ?" ಎಂಬುದು ಇನ್ನೊಂದು. ಪಾಸ್‌ವರ್ಡ್, ಓಟಿಪಿ, ಬೆರಳಚ್ಚು ಎಲ್ಲವೂ ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಅವು ಏನೂ ಹೇಳುವುದಿಲ್ಲ. ಆ ಮಧ್ಯಾಹ್ನ ಆ್ಯಪ್ ನನ್ನನ್ನು ಸರಿಯಾಗಿಯೇ ಗುರುತು ಹಿಡಿದಿತ್ತು. ಆದರೆ ಆ ಮನೆಗೂ ನನಗೂ ಸಂಬಂಧ ಮುಗಿದಿತ್ತು.

ವೆಬ್‌ನಲ್ಲಿ ಈ ಎರಡಕ್ಕೂ ಬೇರೆ ಬೇರೆ ಉತ್ತರದ ನಂಬರ್ ಇವೆ. ಗುರುತು ಸಿಗದಿದ್ದರೆ ಸರ್ವರ್ 401 ಎನ್ನಬೇಕು. ಗುರುತು ಸಿಕ್ಕರೂ ಅನುಮತಿ ಇಲ್ಲದಿದ್ದರೆ 403. ಗೊಂದಲ ಏನೆಂದರೆ, 401ಕ್ಕೆ ಇಟ್ಟ ಹೆಸರು 'ಅನ್‌ಆಥರೈಸ್ಡ್'. ಹೆಸರು ಅನುಮತಿಯ ಬಗ್ಗೆ, ಅರ್ಥ ಗುರುತಿನ ಬಗ್ಗೆ. ಕೆಲಸಕ್ಕೆ ಹೊಸದಾಗಿ ಸೇರಿದವರು ಇಲ್ಲಿ ಎಡವುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇನ್ನು ಕೆಲವು ಕಡೆ 403 ಎನ್ನುವುದೇ ಅಪಾಯ. ಒಬ್ಬರ ಹೆಸರಿನಲ್ಲಿ ಮನೋರೋಗ ವಿಭಾಗದ ಫೈಲ್ ಕೇಳಿದಾಗ "ನಿಮಗೆ ಅನುಮತಿ ಇಲ್ಲ" ಎಂದರೆ, ಅಂಥ ಫೈಲ್ ಇದೆ ಎಂದು ಹೇಳಿದಂತೆಯೇ ಆಯಿತು, ಅಲ್ವಾ? ಅಂಥ ಕಡೆ 404, ಅಂದರೆ "ಅಂಥದ್ದು ಯಾವುದೂ ಸಿಗಲಿಲ್ಲ" ಎನ್ನುವುದೇ ಸರಿ. ವೆಬ್‌ನ ನಿಯಮವೂ ಇದಕ್ಕೆ ಅವಕಾಶ ಕೊಟ್ಟಿದೆ.

ಹಿಂದೆ ಈ ಎರಡನೇ ಪ್ರಶ್ನೆಯ ಕೋಡ್ ಎಲ್ಲೆಂದರಲ್ಲಿ ಚದುರಿ ಬಿದ್ದಿರುತ್ತಿತ್ತು. ಪ್ರತಿ ಪುಟದಲ್ಲೂ "ಇವರು ಅಡ್ಮಿನ್ ಆಗಿದ್ದರೆ ತೋರಿಸು" ಎಂಬ ಒಂದು ಸಾಲು. ನಿಯಮ ಬದಲಾದರೆ ಇನ್ನೂರು ಕಡೆ ತಿದ್ದಬೇಕು. ಇನ್ನೂರರಲ್ಲಿ ಒಂದು ಮರೆತರೆ ಅಲ್ಲೇ ತೂತು. ಅದಕ್ಕೇ ಈಗ ಈ ಪ್ರಶ್ನೆಯನ್ನು ಒಂದು ಪ್ರತ್ಯೇಕ ಸೇವೆಗೆ ಒಪ್ಪಿಸುವ ರೂಢಿ ಬರುತ್ತಿದೆ. ಪ್ರಶ್ನೆ ಎದುರಾದ ಪ್ರತಿ ಸಲವೂ ಆ್ಯಪ್ ಆ ಸೇವೆಯ ಎಪಿಐಯನ್ನು ಕೇಳುತ್ತದೆ. ಪ್ರಶ್ನೆಯಲ್ಲಿ ನಾಲ್ಕು ಭಾಗ: ಯಾರು, ಏನು ಮಾಡಲು ಹೊರಟಿದ್ದಾರೆ, ಯಾವುದರ ಮೇಲೆ, ಯಾವ ಸಂದರ್ಭದಲ್ಲಿ. ಓಪನ್‌ಐಡಿ ಫೌಂಡೇಶನ್‌ನ ಆಥ್‌ಝೆನ್ ಎಂಬ ಕಾರ್ಯತಂಡ ಎಲ್ಲ ಕಂಪನಿಗಳಿಗೂ ಹೊಂದುವಂತೆ ರೂಪಿಸಿರುವ ಪ್ರಶ್ನೆಯ ಅಚ್ಚು ಇದೇ. ನನ್ನ ಕಥೆಯಲ್ಲಾದರೆ ಹೀಗಿರುತ್ತಿತ್ತು: ಈ ಫೋನಿನ ಮಾಲೀಕ, ಸಂದರ್ಶಕರನ್ನು ಒಳಗೆ ಬಿಡುವುದು, ಬಿ ಬ್ಲಾಕಿನ 304ನೇ ಮನೆ, ಮಂಗಳವಾರ ಮಧ್ಯಾಹ್ನ ಎರಡು ಗಂಟೆ. ಉತ್ತರ ಹೌದು ಅಥವಾ ಇಲ್ಲ.

ಬಾಗಿಲಲ್ಲಿ ನಿಂತು ತಡೆಯುವವರು ಬೇರೆ, ತೀರ್ಮಾನ ಮಾಡುವವರು ಬೇರೆ ಎಂಬುದು ಹೊಸ ಯೋಚನೆ ಏನಲ್ಲ. 2003ರಲ್ಲಿ ಓಯಾಸಿಸ್ ಸಂಸ್ಥೆ ಹೊರತಂದ ಎಕ್ಸ್‌ಎಸಿಎಂಎಲ್ ಎಂಬ ಮಾನದಂಡದಲ್ಲೇ ಈ ಹಂಚಿಕೆ ಇತ್ತು. ಈಗ ಓಪನ್ ಪಾಲಿಸಿ ಏಜೆಂಟ್, ಅಮೆಜಾನಿನವರು 2023ರಲ್ಲಿ ಮುಕ್ತವಾಗಿ ಬಿಟ್ಟ ಸೀಡರ್, ಹೀಗೆ ಹಲವು ಸಲಕರಣೆಗಳು ಸುಲಭವಾಗಿ ಸಿಗುತ್ತವೆ. ಹಲವು ಸರ್ವರುಗಳ ಮೇಲೆ ಪ್ರೋಗ್ರಾಂಗಳನ್ನು ನಡೆಸಿ ನಿಭಾಯಿಸುವ ಕ್ಯೂಬರ್ನೆಟೀಸ್ ಬಳಸುವವರಿಗಂತೂ "ನಾನು ಇದನ್ನು ಮಾಡಬಹುದಾ?" ಎಂದು ಸರ್ವರನ್ನೇ ಕೇಳುವ 'ಕ್ಯಾನ್-ಐ' ಕಮಾಂಡ್ ದಿನದ ಬಳಕೆಯಲ್ಲಿದೆ. ಇದು ಒಳ್ಳೆಯ ದಾರಿ ಎಂದೇ ನನ್ನ ನಂಬಿಕೆ. ತಿದ್ದಬೇಕಾದ ಜಾಗ ಒಂದೇ ಆಗುತ್ತದೆ. ಯಾರು ಯಾವಾಗ ಏನು ಕೇಳಿದರು ಎಂಬ ಲೆಕ್ಕವೂ ಒಂದೇ ಕಡೆ ಸಿಗುತ್ತದೆ.

ಆದರೆ ಆ ಸೇವೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತದೆ. ಅರ್ಧ ಪ್ರಶ್ನೆ ಕೇಳಿದರೆ ಉತ್ತರವೂ ಅರ್ಧ.

ಅರ್ಧ ಪ್ರಶ್ನೆಯ ಬೆಲೆ

ವೆಬ್ ಸುರಕ್ಷತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ ಆಗಾಗ ದೊಡ್ಡ ಹತ್ತು ಅಪಾಯಗಳ ಪಟ್ಟಿ ಕೊಡುತ್ತದೆ. 2017ರಲ್ಲಿ ಅನುಮತಿ ತಪಾಸಣೆಯ ಲೋಪ ಐದನೇ ಜಾಗದಲ್ಲಿತ್ತು. 2021ರಲ್ಲಿ ಮೊದಲ ಜಾಗಕ್ಕೆ ಬಂತು. ಎಪಿಐಗಳಿಗೆಂದೇ ಮಾಡಿದ ಬೇರೆ ಪಟ್ಟಿಯಲ್ಲಿ 2019ರಲ್ಲೂ 2023ರಲ್ಲೂ ಮೊದಲ ಜಾಗ ಒಂದೇ ತಪ್ಪಿಗೆ: 'ಯಾವುದರ ಮೇಲೆ' ಎಂಬ ಭಾಗವನ್ನು ಕೇಳದೇ ಬಿಡುವುದು. "ಇವರು ಬಿಲ್ ನೋಡಬಹುದಾ?" ಎಂದು ಕೇಳುತ್ತಾರೆ. "ಈ ಬಿಲ್ ನೋಡಬಹುದಾ?" ಎಂದು ಕೇಳುವುದಿಲ್ಲ.

ಅಮೆರಿಕದ ಫಸ್ಟ್ ಅಮೆರಿಕನ್ ಎಂಬ, ಆಸ್ತಿಯ ಹಕ್ಕಿಗೆ (ಟೈಟಲ್) ವಿಮೆ ಕೊಡುವ ಕಂಪನಿಯ ಪ್ರಕರಣ ಹೊರಬಿದ್ದದ್ದು 2019ರ ಮೇ ತಿಂಗಳಲ್ಲಿ. ದಾಖಲೆಯ ಲಿಂಕಿನಲ್ಲಿ ಒಂದು ಸಂಖ್ಯೆ ಇರುತ್ತಿತ್ತು. ಅದರ ಒಂದಂಕಿ ಬದಲಿಸಿದರೆ ಇನ್ನೊಬ್ಬರ ದಾಖಲೆ ತೆರೆದುಕೊಳ್ಳುತ್ತಿತ್ತು. ಬ್ಯಾಂಕ್ ಖಾತೆ, ಸಾಲದ ಕಾಗದ, ಗುರುತಿನ ಚೀಟಿ, ಎಲ್ಲವೂ. ಹೀಗೆ ತೆರೆದು ಬಿದ್ದಿದ್ದ ದಾಖಲೆಗಳು ಸುಮಾರು 88.5 ಕೋಟಿ. ನೋಡಲು ಲಾಗಿನ್ ಕೂಡ ಬೇಕಿರಲಿಲ್ಲ.

ಇಂಥ ದೊಡ್ಡ ತಪ್ಪು ಯಾರ ಕಣ್ಣಿಗೂ ಬೀಳದೆ ಹೇಗೆ ಉಳಿಯುತ್ತದೆ? ಕೋಡ್ ಬರೆದವರು ಪರೀಕ್ಷೆ ಮಾಡುವುದು ತಮ್ಮದೇ ಖಾತೆಯಿಂದ. ತಮ್ಮ ಬಿಲ್ ತಮಗೆ ಕಾಣಿಸಿತು, ಕೆಲಸ ಆಯಿತು. ಪಕ್ಕದವರ ಖಾತೆಯಿಂದ ಬಾಗಿಲು ತಟ್ಟಿ "ತೆರೆಯಲಿಲ್ಲ ತಾನೇ?" ಎಂದು ನೋಡುವವರು ಕಡಿಮೆ. ಇನ್ನೊಂದು ಕಾರಣ ಬಟನ್. ಅನುಮತಿ ಇಲ್ಲದವರಿಗೆ 'ಅಳಿಸು' ಬಟನ್ ಕಾಣಿಸದಂತೆ ಮಾಡಿದರೆ ಸಾಕು ಎಂಬ ಭಾವನೆ ಇನ್ನೂ ಹೋಗಿಲ್ಲ. ಬಟನ್ ಮರೆಮಾಡುವುದು ಬಳಸುವವರಿಗೆ ಮಾಡುವ ಅನುಕೂಲ ಅಷ್ಟೇ. ಬಟನ್ ಇಲ್ಲದೆಯೂ ಎಪಿಐಗೆ ನೇರವಾಗಿ ಕರೆ ಕಳುಹಿಸಬಹುದು. ಪುಟ ತೋರಿಸುವಾಗ ಒಮ್ಮೆ ಕೇಳಿ, ಕೆಲಸ ನಡೆಯುವ ಹೊತ್ತಿಗೆ ಸರ್ವರಿನಲ್ಲಿ ಮತ್ತೆ ಕೇಳಬೇಕು. ಎರಡರ ನಡುವೆ ಹತ್ತು ನಿಮಿಷ ಕಳೆದಿರಬಹುದು. ಆ ಹತ್ತು ನಿಮಿಷದಲ್ಲಿ ಆ ವ್ಯಕ್ತಿಯನ್ನು ಗುಂಪಿನಿಂದ ತೆಗೆದಿರಬಹುದು.

ಊಹಿಸಲಾಗದಷ್ಟು ಉದ್ದದ ಲಿಂಕ್ ಮಾಡಿದರೆ ಆಯಿತಲ್ಲ ಎನ್ನುವವರೂ ಇದ್ದಾರೆ. ಅದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಲ ಫಾರ್ವರ್ಡ್ ಆದರೆ ಮುಗಿಯಿತು.

ಪಾಸ್ ಮತ್ತು ರಿಜಿಸ್ಟರ್

ಇನ್ನು ನನ್ನ ಕಥೆಯ ನಿಜವಾದ ಗಂಟಿಗೆ ಬರೋಣ. ಪ್ರಶ್ನೆ ಪೂರ್ತಿಯಾಗಿಯೇ ಕೇಳಿದ್ದರೂ ಉತ್ತರ ಹಳೆಯದಾಗಿದ್ದರೆ?

ಬಿಎಂಟಿಸಿ ಮಾಸಿಕ ಪಾಸ್ ನೆನಪಿಸಿಕೊಳ್ಳಿ. ಬನಶಂಕರಿಯಲ್ಲಿ ಬಸ್ ಹತ್ತಿದಾಗ ಕಂಡಕ್ಟರ್ ಪಾಸ್ ನೋಡುತ್ತಾರೆ, ತಿಂಗಳು ನೋಡುತ್ತಾರೆ, ಮುಂದೆ ಹೋಗುತ್ತಾರೆ. ಪ್ರತಿ ಪ್ರಯಾಣಿಕರ ಬಗ್ಗೆಯೂ ಶಾಂತಿನಗರದ ಕೇಂದ್ರ ಕಚೇರಿಗೆ ಫೋನ್ ಮಾಡುತ್ತಾ ಕೂತರೆ ಬಸ್ ಮುಂದೆ ಹೋಗುವುದೇ ಇಲ್ಲ. ವೆಬ್‌ನಲ್ಲಿ ಈ ಪಾಸಿನ ಕೆಲಸ ಮಾಡುವುದು ಟೋಕನ್. 2015ರಲ್ಲಿ ಮಾನದಂಡವಾದ ಜೆಡಬ್ಲ್ಯೂಟಿ ಎಂಬ ಬಗೆ ಇಂದು ಎಲ್ಲೆಡೆ ಇದೆ. ಲಾಗಿನ್ ಆದಾಗ ಸರ್ವರ್ ಒಂದು ಚೀಟಿ ಬರೆದು, ಯಾರೂ ತಿದ್ದಲಾಗದಂತೆ ಸಹಿ ಹಾಕಿ ಕೊಡುತ್ತದೆ. ಬಹಳ ಜನ ಆ ಚೀಟಿಯೊಳಗೇ "ಇವರು 304ನೇ ಮನೆಯವರು" ಎಂದೂ ಬರೆದುಬಿಡುತ್ತಾರೆ. ಆಮೇಲೆ ಪ್ರತಿ ಬಾಗಿಲಲ್ಲೂ ಸಹಿ ಸರಿಯಿದೆಯಾ, ಅವಧಿ ಮುಗಿದಿಲ್ಲ ತಾನೇ ಎಂದಷ್ಟೇ ನೋಡುತ್ತಾರೆ. ಯಾರಿಗೆ ಈಗ ಏನು ಅನುಮತಿ ಇದೆ ಎಂದು ಬರೆದಿಟ್ಟ ರಿಜಿಸ್ಟರ್ ಯಾರೂ ತೆರೆಯುವುದಿಲ್ಲ.

ಇದರಿಂದ ವೇಗ ಸಿಗುತ್ತದೆ ನಿಜ. ಆದರೆ ಸಹಿ ಹಾಕಿ ಕೊಟ್ಟ ಚೀಟಿಯನ್ನು ವಾಪಸ್ ಪಡೆಯಲು ದಾರಿಯಿಲ್ಲ. ಮನೆ ಬಿಟ್ಟರೂ ಚೀಟಿ ಜೇಬಿನಲ್ಲೇ ಇರುತ್ತದೆ. ಅವಧಿ 15 ನಿಮಿಷವಾದರೆ ಅಪಾಯವೂ 15 ನಿಮಿಷದ್ದು. ಬಳಸುವವರಿಗೆ ಕಿರಿಕಿರಿ ಆಗಬಾರದು ಎಂದು 90 ದಿನ ಇಟ್ಟರೆ ಅಪಾಯವೂ 90 ದಿನದ್ದು. ಚೀಟಿ ತಾನೇ ತಾನಾಗಿ ಹೊಸದಾಗುತ್ತಾ ಹೋದರೆ, ಹೊಸದು ಬರೆಯುವಾಗಲೂ ರಿಜಿಸ್ಟರ್ ನೋಡದಿದ್ದರೆ, ಅದಕ್ಕೆ ಕೊನೆಯೇ ಇಲ್ಲ. ನನ್ನ ವಿಷಯದಲ್ಲಿ ಇಂಥದ್ದೇ ಏನೋ ಆಗಿರಬೇಕು ಎಂಬುದು ನನ್ನ ಊಹೆ. ಎರಡು ತಿಂಗಳಲ್ಲಿ ನಾನು ಒಂದು ಸಲವೂ ಆ ಆ್ಯಪ್‌ನಿಂದ ಹೊರಗೆ ಬಂದಿರಲಿಲ್ಲ.

ಟೋಕನ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 'ನೀವು ಯಾರು' ಎಂಬುದನ್ನು ಅದರಲ್ಲಿ ಬರೆಯಿರಿ. ಅದು ಬೇಗ ಬದಲಾಗುವುದಿಲ್ಲ. 'ಏನು ಮಾಡಬಹುದು' ಎಂಬುದನ್ನು ರಿಜಿಸ್ಟರಿನಲ್ಲೇ ಇಡಿ, ಆ ಹೊತ್ತಿಗೆ ಕೇಳಿ. ಅದು ಯಾವತ್ತು ಬೇಕಾದರೂ ಬದಲಾಗುತ್ತದೆ.

ಈ ಎಚ್ಚರಿಕೆ ಐವತ್ತು ವರ್ಷ ಹಳೆಯದು. 1975ರಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಕಂಪ್ಯೂಟರಿನಲ್ಲಿ ಮಾಹಿತಿ ಕಾಯುವ ಬಗ್ಗೆ ಒಂದು ಪ್ರಬಂಧ ಬರೆದರು. ಪ್ರತಿ ವಸ್ತುವನ್ನು ಪ್ರತಿ ಸಲ ಮುಟ್ಟುವಾಗಲೂ ಅಧಿಕಾರ ಪರೀಕ್ಷಿಸಬೇಕು ಎಂಬುದು ಅವರು ಹೇಳಿದ ತತ್ವಗಳಲ್ಲಿ ಒಂದು. ವೇಗಕ್ಕಾಗಿ ಹಿಂದಿನ ಉತ್ತರವನ್ನು ನೆನಪಿಟ್ಟುಕೊಳ್ಳುವ ಉಪಾಯ ಬಂದರೆ ಅದನ್ನು ಅನುಮಾನದಿಂದಲೇ ನೋಡಿ, ಅಧಿಕಾರ ಬದಲಾದಾಗ ಆ ನೆನಪನ್ನೂ ಕ್ರಮವಾಗಿ ಬದಲಿಸಲೇಬೇಕು ಎಂದೂ ಅವರು ಸೇರಿಸಿದ್ದರು. ಇಂದು ನಾವು ಕ್ಯಾಶ್ ಎಂದು ಕರೆಯುವುದು ಆ ನೆನಪನ್ನೇ. ಅನುಮತಿ ಎಪಿಐ ಕಟ್ಟಿದ ಪ್ರತಿಯೊಂದು ತಂಡವೂ ಮೊದಲ ತಿಂಗಳಲ್ಲೇ "ತುಂಬಾ ನಿಧಾನ ಆಯ್ತು, ಸ್ವಲ್ಪ ಕ್ಯಾಶ್ ಮಾಡೋಣ" ಎನ್ನುತ್ತದೆ. ನಾನೂ ಅಂದಿದ್ದೇನೆ. ಕ್ಯಾಶ್ ಹಾಕುವುದು ಒಂದು ಸಂಜೆಯ ಕೆಲಸ. ಅನುಮತಿ ತೆಗೆದ ಕ್ಷಣವೇ ಅದು ಅಳಿಸಿಹೋಗುವಂತೆ ಮಾಡಲು ವಾರಗಳೇ ಹಿಡಿಯುತ್ತವೆ.

ಯಾವುದು ಮೊದಲು, ಯಾವುದು ಆಮೇಲೆ

ಗೂಗಲ್‌ನ ಇಂಜಿನಿಯರುಗಳು 2019ರಲ್ಲಿ ಜಾಂಜಿಬಾರ್ ಎಂಬ ತಮ್ಮ ವ್ಯವಸ್ಥೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಡ್ರೈವ್, ಕ್ಯಾಲೆಂಡರ್, ಫೋಟೋಸ್, ಮ್ಯಾಪ್ಸ್, ಯೂಟ್ಯೂಬ್, ಇವೆಲ್ಲ "ಇವರು ಇದನ್ನು ನೋಡಬಹುದಾ?" ಎಂದು ಕೇಳುವುದು ಇದನ್ನೇ. ಸೆಕೆಂಡಿಗೆ ಲಕ್ಷಾಂತರ ಪ್ರಶ್ನೆ. ನೂರರಲ್ಲಿ 95 ಪ್ರಶ್ನೆಗಳಿಗೆ 10 ಮಿಲಿಸೆಕೆಂಡಿಗಿಂತ ಬೇಗ ಉತ್ತರ. ರಿಜಿಸ್ಟರ್ ನೋಡಿದರೆ ನಿಧಾನ ಆಗುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ವೇಗಕ್ಕಿಂತ ಹೆಚ್ಚಾಗಿ ಅವರು 'ಹೊಸ ಶತ್ರು' ಎಂದು ಹೆಸರಿಟ್ಟ ಒಂದು ತೊಂದರೆ.

ನಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. ಒಂದು ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ ಬದಲಾದರು. ಅಧ್ಯಕ್ಷರು ಬೆಳಿಗ್ಗೆ ಹಳೆ ಖಜಾಂಚಿಯನ್ನು ಲೆಕ್ಕದ ಫೋಲ್ಡರಿನಿಂದ ತೆಗೆದರು. ಆಮೇಲೆ ಕಾರ್ಯದರ್ಶಿಗೆ ಫೋನ್ ಮಾಡಿ "ತೆಗೆದಾಯಿತು, ಈಗ ಆಡಿಟ್ ಪತ್ರ ಹಾಕಿ" ಎಂದರು. ಕಾರ್ಯದರ್ಶಿ ಹಾಕಿದರು. ಈಗ ಅನುಮತಿ ಸೇವೆ ಹತ್ತಾರು ಕಡೆ ಸರ್ವರ್ ಇಟ್ಟಿರುತ್ತದೆ. ಹಳೆ ಖಜಾಂಚಿಯ ಫೋನ್ ಮಾತಾಡುವ ಸರ್ವರಿಗೆ ಹೊಸ ಪತ್ರ ಬಂದ ಸುದ್ದಿ ತಲುಪಿದೆ, ಅವರನ್ನು ತೆಗೆದ ಸುದ್ದಿ ಇನ್ನೂ ತಲುಪಿಲ್ಲ. ಹಾಗಾದಾಗ ಅವರು ನೋಡಲೇಬಾರದ ಪತ್ರ ಅವರಿಗೆ ಕಾಣಿಸುತ್ತದೆ. ಅಧ್ಯಕ್ಷರು ಎಲ್ಲವನ್ನೂ ಸರಿಯಾದ ಕ್ರಮದಲ್ಲೇ ಮಾಡಿದ್ದರು. ಯಂತ್ರ ಆ ಕ್ರಮವನ್ನು ಮರೆಯಿತು.

ಜಾಂಜಿಬಾರ್ ಇದಕ್ಕೆ ಕಂಡುಕೊಂಡ ಪರಿಹಾರ ಬಹಳ ಸರಳವಾಗಿದೆ. ಪತ್ರ ಹಾಕಿದಾಗ ಸೇವೆ ಒಂದು ಗುರುತು ಕೊಡುತ್ತದೆ, ಅವರು ಅದನ್ನು ಜೂಕಿ ಎನ್ನುತ್ತಾರೆ. ಅದು ಒಂದು ಬಗೆಯ ಸಮಯದ ಮುದ್ರೆ. ಪತ್ರದ ಜೊತೆಗೇ ಅದು ಇರುತ್ತದೆ. ಯಾರಾದರೂ ಪತ್ರ ನೋಡಲು ಬಂದರೆ "ಕನಿಷ್ಠ ಈ ಹೊತ್ತಿನವರೆಗಿನ ಬದಲಾವಣೆಗಳು ಗೊತ್ತಿರುವ ಸರ್ವರೇ ಉತ್ತರ ಹೇಳಬೇಕು" ಎಂದು ಆ ಮುದ್ರೆ ಹೇಳುತ್ತದೆ. ಎಲ್ಲ ಪ್ರಶ್ನೆಗೂ ಈ ಕ್ಷಣದ ಉತ್ತರವೇ ಬೇಕು ಎಂದು ಹಠ ಹಿಡಿದಿಲ್ಲ, ಅದರಿಂದ ವೇಗ ಉಳಿಯಿತು. ಈ ಪತ್ರಕ್ಕಿಂತ ಹಳೆಯ ಉತ್ತರ ಮಾತ್ರ ನಡೆಯುವುದಿಲ್ಲ. ಓದಿದ ಮೇಲೆ ನಾನು ಒಂದು ದಿನವಿಡೀ ಇದನ್ನೇ ಯೋಚಿಸುತ್ತಿದ್ದೆ. ನೀವು ಅನುಮತಿ ಎಪಿಐ ಆರಿಸುವ ಜಾಗದಲ್ಲಿದ್ದರೆ ಮಾರಾಟಗಾರರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: "ಒಬ್ಬರನ್ನು ತೆಗೆದ ಮೇಲೆ ನಿಮ್ಮ ಉತ್ತರ ಬದಲಾಗಲು ಎಷ್ಟು ಹೊತ್ತು ಬೇಕು?" ಎಷ್ಟು ವೇಗ ಎಂಬುದನ್ನು ಆಮೇಲೆ ಕೇಳಿದರೂ ಆಗುತ್ತದೆ.

ಚಾರ್ಜ್ ಕೊಟ್ಟು ಹೋಗುವುದು

ತಂತ್ರಜ್ಞಾನ ಬಿಟ್ಟು ನೋಡಿದರೆ, ನಮ್ಮ ಸರ್ಕಾರಿ ಕಚೇರಿಗಳಲ್ಲಿ ಇದಕ್ಕೊಂದು ಹಳೆಯ ಪದ್ಧತಿ ಇದೆ. ವರ್ಗ ಆದವರು ಸುಮ್ನೆ ಎದ್ದು ಹೋಗುವಂತಿಲ್ಲ. ಚಾರ್ಜ್ ಕೊಡಬೇಕು. ಬೀರುವಿನ ಕೀ, ಕಡತಗಳ ಪಟ್ಟಿ, ಸೀಲು, ಎಲ್ಲವನ್ನೂ ಬಂದವರಿಗೆ ಒಪ್ಪಿಸಿ, ಇಬ್ಬರೂ ಸಹಿ ಹಾಕಿ, ದಿನಾಂಕದ ಜೊತೆ ಪೂರ್ವಾಹ್ನವೋ ಅಪರಾಹ್ನವೋ ಎಂದೂ ಬರೆದು ರಿಲೀವ್ ಆಗುತ್ತಾರೆ. ಆ ಗಳಿಗೆಯ ನಂತರ ಹಳಬರ ಸಹಿಗೆ ಬೆಲೆ ಇಲ್ಲ. ಅಧಿಕಾರ ಇರುವುದು ಕುರ್ಚಿಗೆ, ಕೂತವರಿಗಲ್ಲ ಎಂಬ ತಿಳಿವಳಿಕೆ ಇದರ ಹಿಂದೆ ಇದೆ.

ಸಾಫ್ಟ್‌ವೇರಿನಲ್ಲಿ 'ರೋಲ್' ಎನ್ನುವುದು ಈ ಕುರ್ಚಿಯನ್ನೇ. 1992ರಲ್ಲಿ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಇದಕ್ಕೆ ಒಂದು ಕ್ರಮಬದ್ಧ ರೂಪ ಕೊಟ್ಟರು. ಕುರ್ಚಿ ಮಾಡುವುದನ್ನು ಎಲ್ಲರೂ ಕಲಿತರು. ಚಾರ್ಜ್ ಕೊಡುವುದನ್ನು ಮರೆತರು. ಕಂಪನಿಯಲ್ಲಿ ಒಂದು ತಂಡದಿಂದ ಇನ್ನೊಂದಕ್ಕೆ ಹೋದವರನ್ನು ನೋಡಿ. ಹೊಸ ತಂಡದ ಅನುಮತಿ ಅದೇ ದಿನ ಸಿಗುತ್ತದೆ, ಇಲ್ಲದಿದ್ದರೆ ಅವರು ಕೆಲಸ ಮಾಡಲಾಗದೆ ಫೋನ್ ಮೇಲೆ ಫೋನ್ ಮಾಡುತ್ತಾರೆ. ಹಳೆ ತಂಡದ ಅನುಮತಿ ಉಳಿದೇ ಇರುತ್ತದೆ. ಜಾಸ್ತಿ ಇದ್ದರೆ ಯಾರೂ ದೂರು ಕೊಡುವುದಿಲ್ಲ. ನನಗೆ ಕಾಣುವ ಮಟ್ಟಿಗೆ ಎಲ್ಲ ತೊಂದರೆಯ ಬೇರು ಇದೇ. ಕೊಡದಿದ್ದರೆ ಕೂಗುವವರು ಇದ್ದಾರೆ, ತೆಗೆಯದಿದ್ದರೆ ಕೂಗುವವರು ಯಾರೂ ಇಲ್ಲ.

ರೋಲ್ ಒಂದರಿಂದಲೇ ಎಲ್ಲ ಆಗುವುದಿಲ್ಲ ಎಂದು ಬೇರೆ ದಾರಿಗಳೂ ಬಂದಿವೆ. ಶಕ್ತಿ ಯೋಜನೆ ಒಂದು ಒಳ್ಳೆಯ ಉದಾಹರಣೆ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಬಸ್‌ಗಳಲ್ಲಿ ಉಚಿತ ಪ್ರಯಾಣ. ಕಂಡಕ್ಟರ್ ಹತ್ತಿರ ಯಾವ ಹೆಸರಿನ ಪಟ್ಟಿಯೂ ಇಲ್ಲ. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇದೆಯಾ, ಬಸ್ ಸಾಮಾನ್ಯದ್ದಾ ಎಂದು ನೋಡಿ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಹೀಗೆ ವ್ಯಕ್ತಿಯ, ವಸ್ತುವಿನ ಲಕ್ಷಣ ನೋಡಿ ತೀರ್ಮಾನಿಸುವುದು ಒಂದು ಬಗೆ. ಮನೆ ಮತ್ತು ಬಾಡಿಗೆದಾರರ ನಡುವಿನ ಸಂಬಂಧ ನೋಡಿ ತೀರ್ಮಾನಿಸುವುದು ಇನ್ನೊಂದು ಬಗೆ, ಜಾಂಜಿಬಾರಿನದು ಅದು. ಯಾವ ಬಗೆಯಾದರೂ ಸರಿ, ಹಿಂದಿನ ಮಾಹಿತಿ ಹಳೆಯದಾದರೆ ಉತ್ತರವೂ ಹಳಸುತ್ತದೆ.

ನನಗೆ ಬೇಸರ ತರಿಸುವುದು ಏನೆಂದರೆ, ನಮ್ಮ ಊರಿನ ಬಹಳಷ್ಟು ಅನುಮತಿಗಳ ಕೊನೆ ದಿನ ಮೊದಲೇ ಗೊತ್ತಿರುತ್ತದೆ. ಬೆಂಗಳೂರಿನ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿನದು. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯವಾಗುತ್ತದೆ, ಅದಕ್ಕೆ ಈ ಲೆಕ್ಕ. ಇಂಟರ್ನ್‌ಗಳು ಆರು ತಿಂಗಳಿಗೆ ಬರುತ್ತಾರೆ. ಕಾಂಟ್ರಾಕ್ಟ್ ಮೇಲೆ ಬಂದವರ ಪತ್ರದಲ್ಲೇ ದಿನಾಂಕ ಇರುತ್ತದೆ. ಮಗು ನೋಡಿಕೊಳ್ಳಲು ಬಂದವರು "ಊರಲ್ಲಿ ತಂಗಿ ಮದುವೆ ಸಾರ್, ಏಪ್ರಿಲ್ ತನಕ ಇರ್ತೀನಿ" ಎಂದು ಹೇಳಿಯೇ ಇರುತ್ತಾರೆ. ಅನುಮತಿ ಕೊಡುವ ದಿನವೇ ಆ ದಿನಾಂಕ ಬರೆದುಬಿಟ್ಟರೆ, ತೆಗೆಯಲು ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ. ಕರಾರು ಮುಂದುವರಿದರೆ ಮತ್ತೆ ಕೊಡಬಹುದು. ಆಗ ಮರೆತರೆ ಕೂಗುವವರು ಇದ್ದೇ ಇರುತ್ತಾರೆ.

ಇನ್ನು, ಅನುಮತಿ ಸೇವೆಯೇ ಕೆಟ್ಟು ನಿಂತರೆ? ಉತ್ತರ ಬರದಿದ್ದರೆ 'ಇಲ್ಲ' ಎಂದೇ ತಿಳಿಯಬೇಕು ಎಂಬುದು ಸಾಮಾನ್ಯ ನಿಯಮ. ಆದರೆ ಆಸ್ಪತ್ರೆಯ ಕ್ಯಾಷುಯಲ್ಟಿಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದವರಿಗೆ ಯಾವ ಔಷಧ ಆಗುವುದಿಲ್ಲ ಎಂದು ಡಾಕ್ಟರು ನೋಡಲೇಬೇಕು. ಅಂಥ ಕಡೆ ಒಂದು ತುರ್ತು ಬಾಗಿಲು ಇರಬೇಕು. ತೆರೆದವರ ಹೆಸರು, ಕಾರಣ, ಸಮಯ ದಾಖಲಾಗಬೇಕು. ಮರುದಿನ ಒಬ್ಬರು ಕೂತು ಅದನ್ನು ನಿಜವಾಗಿ ಓದಬೇಕು. ಓದುವವರಿಲ್ಲದಿದ್ದರೆ ದಿನಾ ಅದೇ ಬಾಗಿಲಿನಿಂದ ಓಡಾಟ ಶುರುವಾಗುತ್ತದೆ.

ಕಾನೂನು ಕೇಳುವುದೂ ಇದನ್ನೇ

ಇದು ಇಷ್ಟು ದಿನ ಒಳ್ಳೆಯ ಅಭ್ಯಾಸದ ಮಾತಾಗಿತ್ತು. ಇನ್ನು ಮುಂದೆ ಕಾನೂನಿನ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಒಂದು ಮುಖ್ಯ ಮಾತು ಹೇಳುತ್ತದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯಲು ಆಗಬೇಕು. ಒಂದು ಬಟನ್ ಒತ್ತಿ ಕೊಟ್ಟಿದ್ದರೆ, ವಾಪಸ್ ಪಡೆಯಲು ನಾಲ್ಕು ಇಮೇಲ್ ಬರೆಸುವಂತಿಲ್ಲ. ಹಿಂದಕ್ಕೆ ಪಡೆದ ಮೇಲೆ ಸರಿಯಾದ ಸಮಯದೊಳಗೆ ಆ ಮಾಹಿತಿಯ ಬಳಕೆ ನಿಲ್ಲಬೇಕು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಭಾಗಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಮಾಹಿತಿಯನ್ನು ಯಾರು ಮುಟ್ಟಬಹುದು ಎಂಬ ಹಿಡಿತ ಇರಬೇಕು, ಯಾರು ಮುಟ್ಟಿದರು ಎಂಬ ಲಾಗ್ ಒಂದು ವರ್ಷ ಉಳಿಯಬೇಕು ಎಂದು ಅವು ಹೇಳುತ್ತವೆ. ಸುರಕ್ಷತೆಯಲ್ಲಿ ಎಡವಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಎಂಜಿನಿಯರಿನ ಕಣ್ಣಿನಿಂದ ನೋಡಿದರೆ, ಒಪ್ಪಿಗೆ ಎಂಬುದು ಕಾನೂನು ವಿಭಾಗದ ಫೈಲಿನಲ್ಲಿ ಮಲಗಿರುವ ಕಾಗದವಾಗಿ ಉಳಿಯುವಂತಿಲ್ಲ. ಅನುಮತಿ ಎಪಿಐ ಉತ್ತರ ಹೇಳುವ ಮೊದಲು ಅದನ್ನೂ ನೋಡಬೇಕು. "ಮಾರ್ಕೆಟಿಂಗ್ ತಂಡದವರು ಈ ಗ್ರಾಹಕರ ನಂಬರ್ ಬಳಸಬಹುದಾ?" ಎಂದರೆ, ತಂಡದ ರೋಲ್ ನೋಡಿ ಹೌದು ಎಂದರೆ ಸಾಲದು. ಆ ಗ್ರಾಹಕರು ನಿನ್ನೆ ರಾತ್ರಿ ಒಪ್ಪಿಗೆ ಹಿಂದಕ್ಕೆ ಪಡೆದಿದ್ದಾರಾ ಎಂಬುದೂ ಪ್ರಶ್ನೆಯ ಭಾಗ. ಸೋರಿಕೆ ಆದ ಮೇಲೆ ತಿದ್ದೋಣ ಎಂದು ಕಾಯುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಸೈಬರ್ ಘಟನೆ ನಡೆದದ್ದು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು ಎಂಬ ಆದೇಶ 2022ರಿಂದಲೇ ಇದೆ. ಯಾರು ಏನನ್ನು ಮುಟ್ಟಿದರು ಎಂದು ಒಂದೇ ಕಡೆ ಬರೆದಿಡದವರು ಆ 6 ಗಂಟೆಯಲ್ಲಿ ಏನು ಹೇಳುತ್ತಾರೆ?

ನಮ್ಮ ಪರವಾಗಿ ಓಡಾಡುವವರು

ಈಗ ಇನ್ನೊಂದು ಹೊಸ ತಲೆನೋವು ಬಂದಿದೆ. ಎಐ ಸಹಾಯಕರಿಗೆ ನಮ್ಮ ಇಮೇಲ್, ಕ್ಯಾಲೆಂಡರ್, ಫೈಲ್ ಎಲ್ಲವನ್ನೂ ತೆರೆದುಕೊಡುತ್ತಿದ್ದೇವೆ. ಅವು ನಮ್ಮ ಹೆಸರಿನಲ್ಲೇ ಬಾಗಿಲು ತಟ್ಟುತ್ತವೆ.

1988ರಲ್ಲಿ ನಾರ್ಮ್ ಹಾರ್ಡಿ ಎಂಬ ಎಂಜಿನಿಯರ್ ಒಂದು ಚಿಕ್ಕ ಘಟನೆ ಬರೆದಿದ್ದರು. ಒಂದು ಕಂಪೈಲರಿಗೆ, ಅಂದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂಗೆ, ತನ್ನ ಲೆಕ್ಕ ಬರೆದಿಡಲು ವ್ಯವಸ್ಥೆಯ ಒಂದು ವಿಶೇಷ ಡೈರೆಕ್ಟರಿಯಲ್ಲಿ (ಫೋಲ್ಡರಿನಲ್ಲಿ) ಬರೆಯುವ ಅಧಿಕಾರ ಕೊಟ್ಟಿದ್ದರು. ಅದೇ ಡೈರೆಕ್ಟರಿಯಲ್ಲಿ ಬಿಲ್ಲಿನ ಫೈಲೂ ಇತ್ತು. ಬಳಕೆದಾರರೊಬ್ಬರು ಕೋಡಿನ ತಪ್ಪು ಹುಡುಕಲು ಬೇಕಾದ ಮಾಹಿತಿಯನ್ನು ಬಿಲ್ಲಿನ ಫೈಲಿನ ಹೆಸರಿಗೇ ಬರೆ ಎಂದರು. ಅವರಿಗೆ ಅಲ್ಲಿ ಬರೆಯುವ ಅಧಿಕಾರ ಇರಲಿಲ್ಲ. ಕಂಪೈಲರಿಗೆ ಇತ್ತು. ಅದು ಬರೆಯಿತು, ಬಿಲ್ಲಿನ ಲೆಕ್ಕ ಅಳಿಸಿಹೋಯಿತು. ತಾನು ಯಾರ ಅಧಿಕಾರದಿಂದ ಕೆಲಸ ಮಾಡುತ್ತಿದ್ದೇನೆ ಎಂದು ಗೊತ್ತಿಲ್ಲದ ಇಂಥ ಕಾರಭಾರಿಗೆ ಹಾರ್ಡಿ 'ಗೊಂದಲಗೊಂಡ ಪ್ರತಿನಿಧಿ' ಎಂಬ ಅರ್ಥದ ಹೆಸರಿಟ್ಟರು.

ಇಂದಿನ ಎಐ ಸಹಾಯಕ ಯಾರೋ ಕಳುಹಿಸಿದ ಇಮೇಲ್ ಓದುತ್ತದೆ. ಅದರಲ್ಲಿ "ಈ ಫೋಲ್ಡರನ್ನು ಇಂಥವರಿಗೆ ಹಂಚು" ಎಂದು ಬರೆದಿದ್ದರೆ? ಕಳುಹಿಸಿದವರಿಗೆ ಆ ಅಧಿಕಾರ ಇಲ್ಲ, ನಮಗೆ ಇದೆ, ಸಹಾಯಕ ನಮ್ಮ ಹೆಸರಿನಲ್ಲಿದೆ. ಅನುಮತಿ ಎಪಿಐ ಕೇಳಿದರೆ 'ಹೌದು' ಎಂದೇ ಬರುತ್ತದೆ. ಹಾಗಾಗಿ 'ಯಾರು' ಎಂಬ ಭಾಗದಲ್ಲಿ ಇಬ್ಬರ ಹೆಸರು ಬೇಕು: ಯಾರ ಪರವಾಗಿ, ಯಾರ ಕೈಯಿಂದ. ಸಹಾಯಕನಿಗೆ ಕೊಡುವ ಅಧಿಕಾರ ನಮ್ಮದಕ್ಕಿಂತ ಚಿಕ್ಕದಾಗಿರಬೇಕು. ಆ ಒಂದು ಕೆಲಸಕ್ಕೆ, ಆ ಒಂದು ಗಂಟೆಗೆ. ಇಲ್ಲೂ ಅದೇ ಮಾತು, ಕೊನೆ ದಿನ ಬರೆದು ಕೊಡಿ.

ಕೋಡ್ ಬರೆಯುವ ಗೆಳೆಯ ಗೆಳತಿಯರಲ್ಲಿ ನನ್ನದು ಒಂದು ಕೋರಿಕೆ. ನಿಮ್ಮ ಟೆಸ್ಟ್‌ಗಳ ಜೊತೆ ಒಂದನ್ನು ಸೇರಿಸಿ. ಒಬ್ಬ ಬಳಕೆದಾರರನ್ನು ಸೇರಿಸಿ, ಲಾಗಿನ್ ಮಾಡಿಸಿ, ಅವರು ಬಾಗಿಲು ತೆರೆಯುವುದನ್ನು ನೋಡಿ. ಆಮೇಲೆ ಅವರನ್ನು ತೆಗೆಯಿರಿ. ಲಾಗ್‌ಔಟ್ ಮಾಡಿಸಬೇಡಿ. ಅದೇ ಹಳೆ ಟೋಕನ್ ಹಿಡಿದು ತಕ್ಷಣ ಮತ್ತೆ ತಟ್ಟಿಸಿ. ಬಾಗಿಲು ತೆರೆದರೆ ಎಷ್ಟು ಹೊತ್ತು ತೆರೆಯುತ್ತಲೇ ಇರುತ್ತದೆ ಎಂದು ಗಡಿಯಾರ ಇಟ್ಟು ಅಳೆಯಿರಿ. ಆ ಸಂಖ್ಯೆಯನ್ನು ನಿಮ್ಮ ಮ್ಯಾನೇಜರಿಗೆ ತೋರಿಸಿ. ಮ್ಯಾನೇಜರ್ ನೀವೇ ಆಗಿದ್ದರೆ, ಅದನ್ನು ಕೇಳಿ ಪಡೆಯಿರಿ.

ಹಳೆ ಮನೆಯ ಹೊಸ ಕುಟುಂಬದ ನಂಬರನ್ನು ಮಾಲೀಕರಿಂದ ಪಡೆದು ಅವರಿಗೆ ಫೋನ್ ಮಾಡಿದೆ. ಆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಆ ಮನೆಯ ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗಿಂತ ಮುಂಚೆ ಇದ್ದವರ ಹೆಸರೂ ಇನ್ನೂ ಅದರಲ್ಲಿ ಇರಬಹುದಾ?" ಎಂದು ಕೇಳಿದರು. ನನಗೆ ಅದು ಹೊಳೆದೇ ಇರಲಿಲ್ಲ. ಕಾರ್ಯದರ್ಶಿ ಪಟ್ಟಿ ತೆಗೆದು ನೋಡಿದರು. ಇತ್ತು. ಇಬ್ಬರದ್ದನ್ನೂ ಅವತ್ತೇ ತೆಗೆದರು.

ಮರುದಿನ ನಾನು ಈಗಿರುವ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯವರ ಹತ್ತಿರ ಹೋದೆ. ನಮ್ಮ ಕರಾರು ಮುಗಿಯುವ ದಿನಾಂಕವನ್ನು ಆ್ಯಪ್‌ನಲ್ಲಿ ಹಾಕಿಬಿಡಿ ಸಾರ್ ಎಂದೆ. ಅವರು ಕನ್ನಡಕ ಹಾಕಿಕೊಂಡು ಎಲ್ಲ ಪುಟಗಳನ್ನೂ ತೆರೆದು ನೋಡಿದರು. ಬಾಡಿಗೆದಾರರ ಹೆಸರಿಗೆ, ಫೋನಿಗೆ, ಕಾರಿನ ನಂಬರಿಗೆ, ಬಂದ ದಿನಾಂಕಕ್ಕೆ ಜಾಗ ಇತ್ತು. ಹೋಗುವ ದಿನಾಂಕಕ್ಕೆ ಇರಲಿಲ್ಲ. ಕೊನೆಗೆ ಮೇಜಿನ ಡ್ರಾಯರಿನಿಂದ ಲೆಡ್ಜರ್ ತೆಗೆದು, ನಮ್ಮ ಮನೆ ನಂಬರಿನ ಮುಂದೆ ಆ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡರು.